ಬಿಸಿನೀರು ನಿಲ್ಲಿಸಿ ನಲ್ಲಿ ರಿಪೇರಿ: ಕೆಲಸ ಎಲ್ಲಿಗೆ ಬಂತು

ವಾಶ್‌ಬೇಸಿನ್ನಿನ ಬಿಸಿನೀರಿನ ನಲ್ಲಿಯನ್ನು ಎಷ್ಟು ಬಿಗಿದರೂ ಹನಿಯುತ್ತಿದೆ. ಸೆಕೆಂಡಿಗೆ ಒಂದು ಹನಿ, ಹನಿಗೆ ಕಾಲು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ 21 ಲೀಟರಿಗಿಂತ ಹೆಚ್ಚು. ಅದೂ ಕಾಸಿದ ನೀರು. ಅದರ ಜೊತೆ ಕರೆಂಟೂ ಚರಂಡಿ ಸೇರುತ್ತಿದೆ. ನಲ್ಲಿಯೊಳಗೆ ನೀರು ತಡೆಯುವ ರಬ್ಬರ್ ಬಿಲ್ಲೆ, ಅಂದರೆ ವಾಷರ್, ಬದಲಿಸುವುದು ಸುಲಭದ ಕೆಲಸ. ನೀರು ನಿಲ್ಲಿಸುವುದೇ ಕಷ್ಟ.

ಶುಕ್ರವಾರ ರಾತ್ರಿ

ಕೊಳವೆಗಳ ಜಾಡು ಹಿಡಿದು ನೋಡಿದೆ. ಬೇಸಿನ್ನಿನ ಕೆಳಗೆ ತಣ್ಣೀರಿಗೆ ಮಾತ್ರ ಆಂಗಲ್ ಕಾಕ್ (ನೀರು ನಿಲ್ಲಿಸುವ ಪುಟ್ಟ ವಾಲ್ವ್) ಇದೆ. ಬಿಸಿನೀರಿನ ಕೊಳವೆ ನೇರವಾಗಿ ಗೋಡೆಯೊಳಗೆ ಹೋಗುತ್ತದೆ. ಹಾಕಿದವರ ಲೆಕ್ಕಾಚಾರ ಏನಿತ್ತೋ! ಹಾಗಾಗಿ ಗೀಸರ್ ಬಳಿಯೇ ನಿಲ್ಲಿಸಬೇಕು. ಅಲ್ಲಿಯೂ ವಾಲ್ವ್ ಇರುವುದು ಒಳಹೋಗುವ ತಣ್ಣೀರಿನ ಕೊಳವೆಗೆ ಮಾತ್ರ. ಅಷ್ಟೇ ಸಾಕು. ಟ್ಯಾಂಕಿನ ತಳಕ್ಕೆ ತಣ್ಣೀರು ಬಂದು ಒತ್ತಿದರೆ ಮಾತ್ರ ಮೇಲ್ಭಾಗದ ಬಿಸಿನೀರು ಹೊರಬರುತ್ತದೆ; ಒತ್ತುವುದನ್ನು ನಿಲ್ಲಿಸಿದರೆ ಅದೂ ನಿಲ್ಲುತ್ತದೆ.

ಮೊದಲು ಗೀಸರಿನ ಸ್ವಿಚ್ ಆರಿಸಿದೆ. ಈ ಕ್ರಮವನ್ನು ತಪ್ಪಿಸಬಾರದು. ನೀರು ಇಳಿದು ಕಾಯಿಸುವ ಕಾಯಿಲ್ ಬಯಲಾದರೆ ಸುಟ್ಟುಹೋಗುತ್ತದೆ. ಒಳಹರಿವು ಮುಚ್ಚಿಟ್ಟು ಕಾಯಿಸಿದರೂ ತೊಂದರೆಯೇ: 20 ಡಿಗ್ರಿಯ ನೀರು 60 ಡಿಗ್ರಿಗೆ ಏರುವಾಗ ಗಾತ್ರದಲ್ಲಿ ಸುಮಾರು ಶೇ 1.5ರಷ್ಟು ಹಿಗ್ಗುತ್ತದೆ, ಹಿಗ್ಗಲು ಜಾಗವಿಲ್ಲದಿದ್ದರೆ ಇಡೀ ಭಾರ ಸುರಕ್ಷತಾ ವಾಲ್ವ್ ಮೇಲೆ ಬೀಳುತ್ತದೆ. ಇನ್ನು 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುವುದರಿಂದ ರಾತ್ರಿಯಿಡೀ ಆರಲು ಬಿಟ್ಟೆ.

ಶನಿವಾರ ಬೆಳಿಗ್ಗೆ

ಗೀಸರಿನ ವಾಲ್ವ್ ಹಳೆಯ ಗೇಟ್ ವಾಲ್ವ್, ಒಳಗಿನ ತಗಡನ್ನು ಇಳಿಸಿ ನೀರು ತಡೆಯುವಂಥದ್ದು. ವರ್ಷಗಟ್ಟಲೆ ಯಾರೂ ಮುಟ್ಟದೆ ಕಚ್ಚಿಕೊಂಡಿತ್ತು. ಇಂಥದ್ದಕ್ಕೆ ಉದ್ದನೆಯ ಸ್ಪ್ಯಾನರ್ ಹಾಕಿ ಜಗ್ಗಿದರೆ ಸ್ಪಿಂಡಲ್ (ಒಳಗೆ ತಿರುಗುವ ಕಡ್ಡಿ) ಮುರಿದು, ಸಣ್ಣ ರಿಪೇರಿ ದೊಡ್ಡದಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ತಿರುಗಿಸುತ್ತಾ ಕೂತೆ. ಕೊನೆಗೆ ಮುಚ್ಚಿತು.

ಬೇಸಿನ್ನಿನ ನಲ್ಲಿ ತೆರೆದಿಟ್ಟೆ. ರಭಸ ತಗ್ಗಿತು, ಆದರೆ ನೂಲಿನಷ್ಟು ಧಾರೆ ನಿಲ್ಲಲೇ ಇಲ್ಲ. ಎಷ್ಟು ಕಾದರೂ ಅಷ್ಟೇ. ಹಳೆಯ ಗೇಟ್ ವಾಲ್ವ್ ಪೂರ್ತಿ ಮುಚ್ಚದಿರುವುದು ಸಾಮಾನ್ಯ, ಹಾಗಾಗಿ ಮೊದಲ ಅನುಮಾನ ಅದರ ಮೇಲೆಯೇ. ಆದರೆ ಧಾರೆಗೆ ಕೈಯೊಡ್ಡಿದರೆ ನೀರು ತಣ್ಣಗಿದೆ. ಟ್ಯಾಂಕಿನ ಹೊದಿಕೆ ಚೆನ್ನಾಗಿರುವುದರಿಂದ ಒಳಗಿನ ನೀರು ಇನ್ನೂ ಬೆಚ್ಚಗಿರಬೇಕು. ಗೀಸರಿನ ವಾಲ್ವ್ ಸೋರುತ್ತಿದ್ದರೆ ಆ ಬೆಚ್ಚನೆಯ ನೀರೇ ಬರಬೇಕಿತ್ತು. ಅಂದರೆ ಈ ನೀರು ಗೀಸರಿನದಲ್ಲ. ತಣ್ಣೀರು ಬೇರೆಲ್ಲಿಂದಲೋ ಬಿಸಿನೀರಿನ ಕೊಳವೆಗೆ ನುಗ್ಗುತ್ತಿದೆ.

ಬಿಸಿ, ತಣ್ಣೀರು ಎರಡೂ ಕೂಡುವ ಜಾಗ ಮನೆಯಲ್ಲಿ ಇನ್ನೊಂದೇ: ಸ್ನಾನದ ಮಿಕ್ಸರ್. ಅದಕ್ಕೆ ಕೈಶವರ್ ಇದೆ, ಕೈಶವರಿನ ಹಿಡಿಯಲ್ಲೇ ಗುಂಡಿ ಇದೆ. ಮನೆಯವರು ಹಿಡಿಯ ಗುಂಡಿ ಒತ್ತಿ ನೀರು ನಿಲ್ಲಿಸುತ್ತಾರೆ, ಮಿಕ್ಸರಿನ ಎರಡು ತಿರುಗಣೆಗಳೂ ತೆರೆದೇ ಇರುತ್ತವೆ. ಹೊರಗೆ ನೀರು ಕಾಣದಿದ್ದರೂ ಒಳಗೆ ಎರಡು ಕೊಳವೆಗಳು ಒಂದಾಗಿರುತ್ತವೆ. ಬಿಸಿನೀರಿನ ಕಡೆ ಒತ್ತಡ ಇಳಿದ ಕೂಡಲೇ ತಣ್ಣೀರು ಆ ಕಡೆ ಹರಿಯುತ್ತದೆ. ಎರಡು ತಿರುಗಣೆಗಳನ್ನೂ ಮುಚ್ಚಿದೆ, ಧಾರೆ ಸಣ್ಣದಾಗಿ ನಿಂತೇಹೋಯಿತು.

ಬೇಸಿನ್ನಿನಲ್ಲಿ ಬಿಸಿನೀರು ಉಗುರುಬೆಚ್ಚಗೆ ಬರುತ್ತದೆ ಎಂಬ ಹಳೆಯ ದೂರಿಗೂ ಬಹುಶಃ ಇದೇ ಕಾರಣ. ಗೀಸರಿನ ಬಿಸಿ ನಿಯಂತ್ರಿಸುವ ಥರ್ಮೋಸ್ಟಾಟ್ ಬದಲಿಸಲು ಹೊರಟಿದ್ದವರನ್ನು ತಡೆದಿದ್ದೇನೆ.

ಶನಿವಾರ ಮಧ್ಯಾಹ್ನ

ಬೇಸಿನ್ನಿನ ತೂತಿಗೆ ಬಟ್ಟೆ ತುರುಕಿದೆ, ಸ್ಕ್ರೂಗಳಿಗೆ ಆ ತೂತಿನ ಮೇಲೆ ವಿಪರೀತ ಪ್ರೀತಿ. ಸ್ಪಿಂಡಲ್ ಬಿಚ್ಚಿದರೆ ವಾಷರ್ ಕಲ್ಲಿನಂತೆ ಗಟ್ಟಿಯಾಗಿ, ನಡುವೆ ಉಂಗುರದ ಅಚ್ಚು ಬಿದ್ದಿತ್ತು. ಸುತ್ತ ಬಿಳಿಯ ಸುಣ್ಣದ ಪದರ. ಗಡಸು ನೀರನ್ನು ಕಾಯಿಸಿದಷ್ಟೂ ಕ್ಯಾಲ್ಸಿಯಂ ಕಾರ್ಬೊನೇಟ್ ಬೇರ್ಪಟ್ಟು ಕೂರುವುದರಿಂದ ಬಿಸಿನೀರಿನ ನಲ್ಲಿಗಳಿಗೇ ಈ ಕಾಟ ಜಾಸ್ತಿ. ಬಿಡಿಭಾಗಗಳನ್ನು ವಿನೆಗರ್‌ನಲ್ಲಿ ನೆನೆಹಾಕಿ ಉಜ್ಜಿದೆ.

ಹೊಸ ವಾಷರ್ ಬಿಸಿ ತಾಳುವ ಇಪಿಡಿಎಂ ರಬ್ಬರಿನದು. ಅದಕ್ಕೆ ಪೆಟ್ರೋಲಿಯಂ ಗ್ರೀಸ್ ತಾಗಬಾರದು, ಉಬ್ಬಿಹೋಗುತ್ತದೆ. ಸಿಲಿಕೋನ್ ಗ್ರೀಸ್ ಹಚ್ಚಿದೆ. ಕೂರಿಸುವಾಗ ಸ್ಪಿಂಡಲನ್ನು ತೆರೆದ ಸ್ಥಿತಿಯಲ್ಲಿಟ್ಟು ಬಿಗಿಯಬೇಕು, ಇಲ್ಲದಿದ್ದರೆ ಹೊಸ ವಾಷರ್ ಮೊದಲ ದಿನವೇ ಜಜ್ಜಿಹೋಗುತ್ತದೆ.

ನಂತರ ನಲ್ಲಿ ತೆರೆದಿಟ್ಟೇ ಗೀಸರಿನ ವಾಲ್ವನ್ನು ನಿಧಾನವಾಗಿ ಬಿಟ್ಟೆ. ಗಾಳಿ ಕೆಮ್ಮಿ ಹೊರಬಂದು, ನೀರು ಒಂದೇ ಸಮನೆ ಹರಿದ ಮೇಲಷ್ಟೇ ಸ್ವಿಚ್ ಹಾಕಿದ್ದು.

ಭಾನುವಾರ

ಹನಿ ಬಹುಪಾಲು ನಿಂತಿದೆ, ಪೂರ್ತಿ ಅಲ್ಲ. ನಲ್ಲಿ ಮುಚ್ಚಿ ಬಹಳ ಹೊತ್ತಿನ ಮೇಲೆ ತುದಿಯಲ್ಲಿ ಒಂದು ಹನಿ ಕೂಡಿಕೊಳ್ಳುತ್ತದೆ. ನಿನ್ನೆ ಟಾರ್ಚ್ ಬಿಟ್ಟು ನೋಡಿದಾಗ ವಾಷರ್ ಕೂರುವ ಹಿತ್ತಾಳೆಯ ಅಂಚಿನಲ್ಲಿ ಸಣ್ಣ ಗುಳಿ ಕಂಡಿತ್ತು. ಅದನ್ನು ಸಮತಟ್ಟಾಗಿ ಉಜ್ಜುವ ಉಪಕರಣ ಸಿಕ್ಕ ಮೇಲೆ ಮತ್ತೆ ಬಿಚ್ಚಬೇಕು. ಅದೇ ಸಲ ಬೇಸಿನ್ನಿನ ಕೆಳಗೆ ಬಿಸಿನೀರಿಗೂ ಆಂಗಲ್ ಕಾಕ್ ಹಾಕುವುದು, ಗೇಟ್ ವಾಲ್ವ್ ತೆಗೆದು ಕಾಲು ಸುತ್ತಿಗೆ ಮುಚ್ಚುವ ಬಾಲ್ ವಾಲ್ವ್ ಕೂರಿಸುವುದು. ಅಲ್ಲಿಯವರೆಗೆ ಸ್ನಾನವಾದ ಮೇಲೆ ಮಿಕ್ಸರಿನ ಎರಡು ತಿರುಗಣೆಗಳನ್ನೂ ಮುಚ್ಚಬೇಕೆಂದು ಬಚ್ಚಲ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ. ಇನ್ನೂ ಯಾರೂ ಮುಚ್ಚುತ್ತಿಲ್ಲ.