489 ನಂಬರಿನ ಟೈಗರ್ ಇರಲೇ ಇಲ್ಲ

ನಾನು ಬೆಂಗಳೂರಿನ ಒಂದು ಗೇಮ್ ಆರ್ಟ್ ಸ್ಟುಡಿಯೋದಲ್ಲಿ ಟೆಕ್ಸ್ಚರ್ ಆರ್ಟಿಸ್ಟ್. ಬೇರೆಯವರು ಕಟ್ಟಿದ ತ್ರೀಡಿ ಮಾಡೆಲ್‌ಗೆ ಬಣ್ಣ, ತುಕ್ಕು, ಗೀರು, ಕೆಸರು ಹಚ್ಚುವುದು ನನ್ನ ಕೆಲಸ. ಅಮ್ಮನ ಲೆಕ್ಕದಲ್ಲಿ ಮಗ ಕಂಪ್ಯೂಟರಿನಲ್ಲಿ ಗಾಡಿ ಪೇಂಟ್ ಮಾಡುತ್ತಾನೆ. ತಪ್ಪೇನಿಲ್ಲ.

ಕೆಲವು ವರ್ಷಗಳ ಹಿಂದೆ ಎರಡನೇ ಮಹಾಯುದ್ಧದ ಗೇಮ್ ಒಂದರ ಟ್ಯಾಂಕುಗಳು ನಮ್ಮ ಟೀಮಿಗೆ ಬಂದವು. ನನ್ನ ಪಾಲಿಗೆ ಜರ್ಮನಿಯ ಟೈಗರ್. ಬೂಟು ತಾಗಿ ಬಣ್ಣ ಎಲ್ಲಿ ಸವೆಯುತ್ತದೆ, ಹೊಗೆ ಎಲ್ಲಿ ಕಟ್ಟುತ್ತದೆ ಅಂತ ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಟರೆಟ್ ಮೇಲೆ, ಅಂದರೆ ತೋಪು ಇರುವ ತಿರುಗುವ ಮೇಲ್ಭಾಗದ ಮೇಲೆ, ಒಂದು ನಂಬರ್ ಬೇಕಿತ್ತು. 489 ಅಂತ ಹಾಕಿದೆ. ಅದು ನನ್ನ ಹಳೇ ಬೈಕಿನ ಕೊನೆಯ ಮೂರು ಅಂಕಿ. ಸುಮ್ನೆ, ನನ್ನದೊಂದು ಗುರುತು ಇರಲಿ ಅಂತ.

ಕ್ಲೈಂಟ್ ಕಡೆಯಿಂದ ಫೀಡ್‌ಬ್ಯಾಕ್ ಬಂತು. ಬಣ್ಣ ಓಕೆ, ಕೆಸರು ಓಕೆ. ನಂಬರಿನ ಸುತ್ತ ಮಾತ್ರ ಕೆಂಪು ಗೆರೆ, ಪಕ್ಕದಲ್ಲಿ ಒಂದೇ ಸಾಲು: ಮೂರು ಅಂಕಿಯೂ ತಪ್ಪು.

ಮೂರೂ ತಪ್ಪಾಗಲು ಹೇಗೆ ಸಾಧ್ಯ ಅಂತ ಓದಲು ಕೂತೆ. ಜರ್ಮನ್ ಟ್ಯಾಂಕಿನ ನಂಬರ್ ಒಂದು ವಿಳಾಸ. ಮೊದಲ ಅಂಕಿ ಕಂಪನಿ, ಅಂದರೆ ಬೆಟಾಲಿಯನ್ ಅನ್ನುವ ಸೇನಾ ಪಡೆಯ ಒಂದು ತುಕಡಿ, ಎರಡನೆಯದು ಅದರೊಳಗಿನ ಚಿಕ್ಕ ಗುಂಪು ಪ್ಲಟೂನ್, ಮೂರನೆಯದು ಪ್ಲಟೂನಿನಲ್ಲಿ ಎಷ್ಟನೇ ಟ್ಯಾಂಕ್ ಅನ್ನುವುದು. ಟೈಗರ್ ಬೆಟಾಲಿಯನ್ನಿನಲ್ಲಿ ಸಾಮಾನ್ಯವಾಗಿ ಮೂರು ಕಂಪನಿ. ಕಂಪನಿಗೆ ಮೂರು ಪ್ಲಟೂನ್, ಪ್ಲಟೂನಿಗೆ ನಾಲ್ಕು ಟ್ಯಾಂಕ್. ಮೇಲಿನವರ ಟ್ಯಾಂಕುಗಳೂ ಸೇರಿ ಒಟ್ಟು 45. ಈಗ ನನ್ನ 489 ನೋಡಿ. ನಾಲ್ಕನೇ ಕಂಪನಿ, ಎಂಟನೇ ಪ್ಲಟೂನ್, ಒಂಬತ್ತನೇ ಟ್ಯಾಂಕ್. ಇಲ್ಲದ ಊರಿನ ಇಲ್ಲದ ಬೀದಿಯ ಇಲ್ಲದ ಮನೆ!

ನಮಗೆ ಇದು ಹೊಸದೇನಲ್ಲ. ಕೆಎ-05 ಅಂದರೆ ಜಯನಗರ, ಕೆಎ-19 ಅಂದರೆ ಮಂಗಳೂರು ಅಂತ ಪ್ಲೇಟ್ ನೋಡಿಯೇ ಹೇಳುತ್ತೇವೆ, ಅಲ್ವಾ? ಹಲಸೂರಿನ ಕಡೆ ಓಡಾಡುವ ಮಿಲಿಟರಿ ಲಾರಿಗಳ ಪ್ಲೇಟಿನ ಶುರುವಿಗೇ ಮೇಲ್ಮುಖದ ಬಾಣ ಇರುತ್ತದೆ. ಅದು ಸರ್ಕಾರಿ ಸೊತ್ತು ಅನ್ನುವ ಬ್ರಿಟಿಷರ ಕಾಲದ ಗುರುತು. ಅದರ ಪಕ್ಕದ ಎರಡು ಅಂಕಿ ಗಾಡಿಯ ವರ್ಷ. ರಸ್ತೆಯಲ್ಲಿ ಇಷ್ಟೆಲ್ಲ ಗೊತ್ತಿದ್ದವನು ಕಂಪ್ಯೂಟರ್ ಮುಂದೆ ಕೂತಾಗ ಬೈಕ್ ನಂಬರ್ ಹಾಕಿದ್ದೆ.

ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಮ್ಮಿನಲ್ಲಿ ಈಗಲೂ ಓಡುವ ಒಂದು ಟೈಗರ್ ಇದೆ. 1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿದ್ದು. ಅದರ ಮೇಲಿರುವುದು 131. ಅಂದರೆ 504ನೇ ಬೆಟಾಲಿಯನ್ನಿನ ಒಂದನೇ ಕಂಪನಿ, ಮೂರನೇ ಪ್ಲಟೂನ್, ಮೊದಲ ಟ್ಯಾಂಕ್. ಮೊದಲನೆಯದರಲ್ಲಿ ಕೂರುವವನು ಪ್ಲಟೂನ್ ಲೀಡರ್. ಅಷ್ಟು ದೊಡ್ಡದಾಗಿ ಬರೆದದ್ದು ಚೆಂದಕ್ಕಲ್ಲ. ಧೂಳಿನ ನಡುವೆ ತನ್ನವರು ತನ್ನನ್ನು ಗುರುತಿಸಲಿ ಅಂತ.

ಆಮೇಲೆ ಬಂದದ್ದು ಅಮೆರಿಕದ ಶರ್ಮನ್. ಅಲ್ಲಿ ಇನ್ನೊಂದು ಎಡವಟ್ಟು. ಟೆಕ್ಸ್ಚರಿನಲ್ಲಿ ಜಾಗ ಉಳಿಸಲು ಟ್ಯಾಂಕಿನ ಎಡಬಲ ಎರಡಕ್ಕೂ ಒಂದೇ ಚಿತ್ರ ಬಳಸುತ್ತೇವೆ, ಕನ್ನಡಿಯ ಹಾಗೆ. ಪಕ್ಕದಲ್ಲಿ ಬಿಳಿ ನಕ್ಷತ್ರ ಹಾಕಿದೆ. ನಕ್ಷತ್ರಕ್ಕೆ ಎಡ ಬಲ ಎಲ್ಲಿದೆ? ಏನೂ ಗೊತ್ತಾಗಲಿಲ್ಲ. ನೋಂದಣಿ ನಂಬರ್ ಹಾಕಿದಾಗ ಒಂದು ಕಡೆ ಅದು ಉಲ್ಟಾ. ಅಂದಿನಿಂದ ಅಕ್ಷರ, ಅಂಕಿ ಏನೇ ಇದ್ದರೂ ಡೆಕಾಲ್, ಅಂದರೆ ಸ್ಟಿಕರ್ ಥರ ಮಾಡಿ ಬೇರೆಯಾಗಿಯೇ ಅಂಟಿಸುತ್ತೇನೆ. ಅಂದ ಹಾಗೆ, ಆ ನಂಬರಿನ ಕೊನೆಯಲ್ಲಿ ಕೆಲವೊಮ್ಮೆ ಒಂದು 'ಎಸ್' ಇರುತ್ತದೆ. ಎಂಜಿನ್ನಿನ ಕಿರಿಕಿರಿ ರೇಡಿಯೋದಲ್ಲಿ ಕೇಳದ ಹಾಗೆ ಗಾಡಿಯನ್ನು ಸರಿಪಡಿಸಲಾಗಿದೆ ಅಂತ ಅದರ ಅರ್ಥ. ಇದು ಗೊತ್ತಾದ ದಿನ ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ. ಯಾರಿಗೂ ಅಷ್ಟು ಖುಷಿಯಾಗಲಿಲ್ಲ.

ನನ್ನ ಹೊಳೆಯುವ ನಕ್ಷತ್ರವನ್ನೂ ಕೆಡಿಸಲು ಹೇಳಿದರು. ನಮ್ಮವರೇ ನಮ್ಮ ಮೇಲೆ ಗುಂಡು ಹಾರಿಸದಿರಲಿ ಅಂತ ಬರೆದ ಆ ನಕ್ಷತ್ರ ಜರ್ಮನ್ ಗನ್ನರ್‌ಗಳಿಗೆ ಒಳ್ಳೆಯ ಗುರಿಯಾಗಿತ್ತು. ಹಾಗಾಗಿ ಎಷ್ಟೋ ಸಿಬ್ಬಂದಿ ಅದರ ಮೇಲೆ ಕೆಸರು ಬಳಿದರು, ಬಣ್ಣ ಹೊಡೆದು ಮುಚ್ಚಿದರು. ಅಂದರೆ ನಾನು ಹಚ್ಚಬೇಕಾದ ಕೆಸರು ಮಳೆಯದಲ್ಲ, ಕೈಯಿಂದ ಬಳಿದದ್ದು. ಅದರ ಗುರುತೇ ಬೇರೆ. ಬೆರಳಿನ ಗೆರೆಗಳು ಬರುವ ಹಾಗೆ ಮೂರು ಸಲ ಮಾಡಿದೆ. ಇಡೀ ಪ್ರಾಜೆಕ್ಟಿನಲ್ಲಿ ನನಗೆ ಜಾಸ್ತಿ ಇಷ್ಟವಾದ ಕೆಲಸ ಅದೇ.

ಸೋವಿಯತ್ ಟಿ-34ರಲ್ಲಿ ತಪ್ಪಿದ್ದು ಇಸವಿ. ಟರೆಟ್ ಸುತ್ತ ಬಿಳಿ ಪಟ್ಟಿ ಚೆನ್ನಾಗಿ ಕಾಣುತ್ತಿತ್ತು, ಹಾಕಿಬಿಟ್ಟೆ. ಅದು 1945ರಲ್ಲಿ ಬರ್ಲಿನ್ ಕಡೆ ನುಗ್ಗಿದ ಟ್ಯಾಂಕುಗಳದು. ಪೂರ್ವದಿಂದ ಇವರು, ಪಶ್ಚಿಮದಿಂದ ಅಮೆರಿಕನ್ನರು ಹತ್ತಿರವಾಗುತ್ತಿದ್ದಾಗ ಮಿತ್ರರೇ ಪರಸ್ಪರ ಹೊಡೆದುಕೊಳ್ಳಬಾರದು ಅಂತ. ನಮ್ಮ ಗೇಮಿನ ಮ್ಯಾಪ್ ಇದ್ದದ್ದು 1943ರಲ್ಲಿ ರಷ್ಯಾದ ಕುರ್ಸ್ಕ್‌ನಲ್ಲಿ ನಡೆದ ಯುದ್ಧದ್ದು.

ಪಟ್ಟಿ ಅಳಿಸಿ, ಹುಡುಕುತ್ತಾ ಹೋದಾಗ ಮರಿಯಾ ಒಕ್ಟ್ಯಾಬ್ರ್‌ಸ್ಕಾಯಾ ಸಿಕ್ಕಿದರು. ಗಂಡ ಯುದ್ಧದಲ್ಲಿ ಸತ್ತ ಮೇಲೆ ಇದ್ದಬದ್ದದ್ದನ್ನೆಲ್ಲ ಮಾರಿ ಒಂದು ಟಿ-34ಕ್ಕೆ ದುಡ್ಡು ಕೊಟ್ಟವರು. ಅದನ್ನು ತಾನೇ ಓಡಿಸಬೇಕು ಅನ್ನುವುದು ಅವರ ಬೇಡಿಕೆ. ಟರೆಟ್ ಮೇಲೆ 'ಬೊಯೆವಾಯಾ ಪೊದ್ರೂಗಾ' ಅಂತ ಬರೆಸಿದರು, 'ಯುದ್ಧದ ಗೆಳತಿ' ಅಂತ ಅರ್ಥ. 1944ರ ಮಾರ್ಚಿನಲ್ಲಿ ಗಾಯದಿಂದ ತೀರಿಕೊಂಡರು. ನಮ್ಮ ಲಾರಿಗಳ ಹಿಂದೆ 'ತಾಯಿಯ ಆಶೀರ್ವಾದ' ಅಂತ ಬರೆದಿರುತ್ತಾರಲ್ಲ, ಅಂಥದ್ದೊಂದು ಬರಹ. ಆ ಹೆಸರನ್ನು ಬೇರೆ ಯಾವುದೋ ಟ್ಯಾಂಕಿಗೆ ಅಲಂಕಾರಕ್ಕೆ ಅಂಟಿಸಲು ನನಗೆ ಮನಸ್ಸಾಗಲಿಲ್ಲ.

ಇನ್ನೊಂದು ಗುರುತು ಮಾತ್ರ ಈಗಲೂ ಕಾಡುತ್ತದೆ. ಸ್ವಸ್ತಿಕ ಬೇಡ ಅಂತ ಬ್ರೀಫ್‌ನಲ್ಲೇ ಇತ್ತು, ಜರ್ಮನಿಯ ಕಾನೂನು ನಾತ್ಸಿ ಚಿಹ್ನೆಗಳ ವಿಷಯದಲ್ಲಿ ಬಿಗಿ. ನಾನು ಜಾಣನಂತೆ ಕುರ್ಸ್ಕ್ ಫೋಟೋ ಒಂದರಿಂದ ಒಂದು ಸಾದಾ ಗುರುತು ತೆಗೆದುಕೊಂಡೆ. ಅಡ್ಡಗೆರೆ, ಅದರ ಮೇಲೆ ಎರಡು ನೆಟ್ಟ ಗೆರೆ. ನಮ್ಮ ಲೀಡ್ ಕೇಳಿದರು, "ಇದು ಯಾರದ್ದು ಅಂತ ನೋಡಿದ್ರಾ?" ನೋಡಿರಲಿಲ್ಲ. ನಾತ್ಸಿ ಪಕ್ಷದ ಸಶಸ್ತ್ರ ಪಡೆ ಎಸ್‌ಎಸ್‌ನ 'ದಾಸ್ ರೈಖ್' ಡಿವಿಷನ್ನಿನದು, ಶತ್ರುವಿಗೆ ಗೊತ್ತಾಗದಿರಲಿ ಅಂತ ಕುರ್ಸ್ಕ್‌ನಲ್ಲಿ ಬಳಸಿದ ತಾತ್ಕಾಲಿಕ ಗುರುತು. ಅದೇ ಡಿವಿಷನ್ನಿನ ಸೈನಿಕರು 1944ರ ಜೂನ್ 10ರಂದು ಫ್ರಾನ್ಸಿನ ಒರಾದೂರ್-ಸುರ್-ಗ್ಲಾನ್ ಹಳ್ಳಿಯಲ್ಲಿ 640ಕ್ಕೂ ಹೆಚ್ಚು ಜನರನ್ನು ಕೊಂದರು. ಹೆಂಗಸರು, ಮಕ್ಕಳು ಚರ್ಚಿನೊಳಗೆ ಸತ್ತರು. ಗುರುತು ತೆಗೆದು ಬೇರೆ ಸೇನಾ ಘಟಕದ್ದು ಹಾಕಿದೆವು. ತೆಗೆದದ್ದು ಇತಿಹಾಸ ಮುಚ್ಚಿದಂತಾಯಿತಾ ಅಂತ ಲೀಡ್ ಜೊತೆ ಊಟದ ಹೊತ್ತಿನಲ್ಲಿ ಬಹಳ ಸಲ ವಾದ ಮಾಡಿದ್ದೇನೆ. ಮುಗಿದಿಲ್ಲ.

ಇಷ್ಟೆಲ್ಲ ಆದ ಮೇಲೆ ನನಗೆ ಸ್ವಲ್ಪ ಕೊಬ್ಬು ಬಂತು. ಕಳೆದ ವರ್ಷ ದಾವಣಗೆರೆಯ ಹೊಸ ಹುಡುಗನೊಬ್ಬ ಟ್ಯುನೀಷಿಯಾ ಮ್ಯಾಪಿಗೆ ಟೈಗರ್ ಮಾಡಿ ರಿವ್ಯೂಗೆ ಕಳಿಸಿದ. ಟರೆಟ್ ಮೇಲೆ 712. ಏಳನೇ ಕಂಪನಿ? ಟೈಗರ್ ಬೆಟಾಲಿಯನ್ನಿನಲ್ಲಿ? ತಕ್ಷಣ ವಾಪಸ್ ಕಳಿಸಿದೆ. "ಯಾರ ಬೈಕ್ ನಂಬರಪ್ಪಾ ಇದು?" ಅಂತ ಬರೆದೆ, ಕೆಂಪು ಗೆರೆ ಸಮೇತ.

ಅವನು ಮೆಲ್ಲಗೆ ನನ್ನ ಟೇಬಲ್ ಹತ್ತಿರ ಬಂದ. "ಅಣ್ಣಾ, ಟ್ಯುನೀಷಿಯಾದಲ್ಲಿ 501ನೇ ಬೆಟಾಲಿಯನ್ನಿನ ಟೈಗರ್‌ಗಳನ್ನು 10ನೇ ಪಾನ್ಸರ್ (ಟ್ಯಾಂಕ್) ಡಿವಿಷನ್ನಿನ ರೆಜಿಮೆಂಟಿಗೆ ಸೇರಿಸಿಬಿಟ್ಟಿದ್ದರು. ಅಲ್ಲಿ ಅವು ಏಳನೇ, ಎಂಟನೇ ಕಂಪನಿ ಆದವು. 712 ನಿಜವಾದ ಟ್ಯಾಂಕು. ಅಮೆರಿಕನ್ನರು ಹಿಡಿದು ತಮ್ಮ ದೇಶಕ್ಕೆ ಸಾಗಿಸಿದ್ದರು." ಫೋನಿನಲ್ಲಿ ಫೋಟೋವನ್ನೂ ತೋರಿಸಿದ.

ಕೆಂಪು ಗೆರೆ ಅಳಿಸಿ ಅಪ್ರೂವ್ ಒತ್ತಿದೆ. ಅವತ್ತಿನ ಟೀ ನನ್ನ ಲೆಕ್ಕಕ್ಕೆ.