ಕರಿಬೇವಿಗೂ ಚಳಿನಾ?

ಸಂಜೆ ಐದೂಕಾಲಿಗೆ ಅಮ್ಮನ ವಿಡಿಯೋ ಕಾಲ್ ಬಂತು. ತಿಪಟೂರಿನಲ್ಲಿ ಆಗ ಮರುದಿನ ಬೆಳಗ್ಗೆ 5.45. ಧನುರ್ಮಾಸ ಅಲ್ವಾ, ಸ್ನಾನ ಮುಗಿಸಿ, ಶಾಲು ಹೊದ್ದು, ದೇವಸ್ಥಾನಕ್ಕೆ ಹೊರಟು ನಿಂತಿದ್ದಳು. ಅವಳ ಹಿಂದೆ ಕತ್ತಲು. ನನ್ನ ಹಿಂದೆ ಕಿಟಕಿಯಲ್ಲಿ ಕೊನೆಯ ಬಿಸಿಲು ಕೆಂಪಗೆ ಜಾರುತ್ತಿತ್ತು.

"ಅಲ್ಲ ಕಣೇ, ಮರಳುಗಾಡು ಅಂತೀಯ. ಮತ್ತೆ ಸ್ವೆಟರ್ ಯಾಕೆ?"

"ಇವತ್ತು ರಾತ್ರಿ ನೀರು ಹೆಪ್ಪುಗಟ್ಟುತ್ತಂತೆ ಅಮ್ಮ. ಕರಿಬೇವಿನ ಗಿಡ ಮುಚ್ಚಬೇಕು."

ಅವಳು ನಕ್ಕುಬಿಟ್ಟಳು. "ಕರಿಬೇವಿಗೂ ಚಳಿನಾ?"

ನಾವಿರುವುದು ಅರಿಜೋನಾದ ಕ್ವೀನ್ ಕ್ರೀಕ್‌ನಲ್ಲಿ, ಫೀನಿಕ್ಸ್ ನಗರದ ಆಗ್ನೇಯಕ್ಕೆ. ಸೊನೋರನ್ ಮರುಭೂಮಿ. ಇಲ್ಲಿನ ಬೇಸಿಗೆ ಬಗ್ಗೆ ಎಲ್ಲರೂ ಹೇಳುತ್ತಾರೆ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ 43 ಡಿಗ್ರಿ ದಾಟಿತ್ತು. ಚಳಿಗಾಲದ ಬಗ್ಗೆ ಮಾತ್ರ ಯಾರೂ ಹೇಳಿರಲಿಲ್ಲ. ಹೇಳಿದರೂ "ಆಹಾ, ಸ್ವರ್ಗ" ಅಂತಷ್ಟೇ. ಸ್ವರ್ಗವೇ, ಸುಳ್ಳಲ್ಲ. ಆದರೆ ಅದು ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ.

ಡಿಸೆಂಬರ್‌ನಲ್ಲಿ ಇಲ್ಲಿ ಹಗಲು ಹತ್ತು ಗಂಟೆಯೂ ಇರುವುದಿಲ್ಲ. ಬೆಳಗ್ಗೆ ಏಳೂವರೆ ಹತ್ತಿರ ಸೂರ್ಯ ಬಂದರೆ ಸಂಜೆ 5.20ಕ್ಕೆಲ್ಲ ಗಂಟುಮೂಟೆ ಕಟ್ಟುತ್ತಾನೆ. ನಮ್ಮೂರಲ್ಲಿ ಅದೇ ದಿನ ಹನ್ನೊಂದು ಗಂಟೆಗೂ ಜಾಸ್ತಿ ಹಗಲು. ಅಲ್ಲಿ ವರ್ಷವಿಡೀ ಹಗಲು ಒಂದೂವರೆ ಗಂಟೆ ಹೆಚ್ಚುಕಮ್ಮಿ ಆದರೆ ಹೆಚ್ಚು. ಇಲ್ಲಿ ಜೂನ್‌ಗೂ ಡಿಸೆಂಬರ್‌ಗೂ ನಾಲ್ಕು ಗಂಟೆಗೂ ಮೀರಿದ ವ್ಯತ್ಯಾಸ. ಅಮೆರಿಕದ ಹೆಚ್ಚಿನ ಕಡೆ ವರ್ಷಕ್ಕೆರಡು ಸಲ ಗಡಿಯಾರ ಹಿಂದೆ ಮುಂದೆ ಮಾಡುತ್ತಾರೆ. ಅರಿಜೋನಾದವರು ಮಾತ್ರ 1968ರಲ್ಲೇ ಅದಕ್ಕೆ ಕೈಮುಗಿದರು. ನವಾಹೋ ಮೂಲನಿವಾಸಿಗಳ ಸೀಮೆಯಲ್ಲಿ ಮಾತ್ರ ಈಗಲೂ ಬದಲಾಯಿಸುತ್ತಾರೆ. ಬೇಸಿಗೆಯಲ್ಲಿ ಸೂರ್ಯ ಒಂದು ಗಂಟೆ ತಡವಾಗಿ ಮುಳುಗಿದರೆ ಈ ಬಿಸಿಲಲ್ಲಿ ಯಾರಿಗೆ ಬೇಕು ಹೇಳಿ? ನನಗಂತೂ ಒಳ್ಳೆಯದೇ ಆಯಿತು. ಅಮ್ಮನಿಗೂ ನನಗೂ ವರ್ಷವಿಡೀ ಹನ್ನೆರಡೂವರೆ ಗಂಟೆಯ ಅಂತರ, ಲೆಕ್ಕ ತಪ್ಪುವುದೇ ಇಲ್ಲ.

ಇಲ್ಲಿ ಚಳಿಗಾಲದ ಕಾವು ಗಾಳಿಯಲ್ಲಿರುವುದಿಲ್ಲ, ಬಿಸಿಲಲ್ಲಿ ಮಾತ್ರ ಇರುತ್ತದೆ. ಮಧ್ಯಾಹ್ನ ಅಂಗಳದಲ್ಲಿ ಅರ್ಧ ತೋಳಿನ ಅಂಗಿ ಸಾಕು. ಎರಡು ಹೆಜ್ಜೆ ಇಟ್ಟು ನೆರಳಿಗೆ ಬನ್ನಿ, ತೋಳು ಮುದುರಿಕೊಳ್ಳುತ್ತೀರಿ. ಜುಲೈನಲ್ಲಿ ಅಂಗಡಿ ಮುಂದೆ ಒಂದು ಮುಳ್ಳುಮರದ ನೆರಳಿಗಾಗಿ ಫರ್ಲಾಂಗು ದೂರ ಕಾರು ನಿಲ್ಲಿಸಿ ನಡೆಯುವ ನಾನೇ ಜನವರಿಯಲ್ಲಿ ಬಿಸಿಲಿರುವ ಜಾಗ ಹುಡುಕುತ್ತೇನೆ.

ಈಗ ಗಿಡದ ಕಥೆಗೆ ಬರುತ್ತೇನೆ. ಇಲ್ಲಿ ಕರಿಬೇವು ಸಿಗುವುದು ಸುಲಭವಲ್ಲ. ನಿಂಬೆ, ಕಿತ್ತಳೆಗೆ ರೋಗ ಹರಡುವ ಕೀಟಕ್ಕೆ ಕರಿಬೇವೂ ಇಷ್ಟ. ಹಾಗಾಗಿ ಊರಿಂದ ತರುವಂತಿಲ್ಲ. ಪರಿಚಯದ ತಮಿಳರ ಮನೆಯವರು ಬುಡದಲ್ಲಿ ಎದ್ದ ಒಂದು ಮರಿ ಕಿತ್ತು ಕೊಟ್ಟಿದ್ದರು. ಮೊದಲ ಬೇಸಿಗೆಯಲ್ಲಿ ಅದು ಸುಟ್ಟೇ ಹೋಗುತ್ತಿತ್ತು. ಮನೆಯ ಪೂರ್ವಕ್ಕೆ, ಮನೆಗೂ ಕಾಂಪೌಂಡ್ ಗೋಡೆಗೂ ನಡುವೆ ಒಂದು ಓಣಿಯಂಥ ಜಾಗ ಇದೆ. ಅಲ್ಲಿ ನೆಟ್ಟೆ. ಬೆಳಗ್ಗೆ ಎರಡು ಮೂರು ಗಂಟೆ ಬಿಸಿಲು, ಮಧ್ಯಾಹ್ನದ ಮೇಲೆ ಮನೆಯದೇ ನೆರಳು. ಗಿಡ ನನ್ನ ಸೊಂಟದೆತ್ತರ ಬೆಳೆಯಿತು. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಆ ಸಂಜೆ ಹವಾಮಾನ ಇಲಾಖೆಯವರ ಎಚ್ಚರಿಕೆ ಫೋನಿಗೆ ಬಂದಿತ್ತು. ರಾತ್ರಿ ಮೈನಸ್ ಎರಡು ಡಿಗ್ರಿವರೆಗೆ ಇಳಿಯಬಹುದು. ಹಗಲು 17 ಇತ್ತು! ಗಾಳಿ ನಿಂತಿತ್ತು, ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ. ನಮ್ಮೂರಲ್ಲಿ ಮೋಡ ಕವಿದ ರಾತ್ರಿ ಸೆಖೆ ಅಂತ ಬೀಸಣಿಗೆ ಹುಡುಕುತ್ತೇವಲ್ಲ, ಇದು ಅದಕ್ಕೆ ಪೂರ್ತಿ ಉಲ್ಟಾ. ಮೋಡವೂ ಇಲ್ಲ, ಗಾಳಿಯಲ್ಲಿ ತೇವವೂ ಇಲ್ಲ ಅಂದರೆ ನೆಲಕ್ಕೆ ಹೊದಿಕೆಯೇ ಇಲ್ಲ. ಹಗಲೆಲ್ಲ ಹೀರಿಕೊಂಡ ಕಾವು ಕತ್ತಲಾಗುತ್ತಲೇ ಸೀದಾ ಆಕಾಶಕ್ಕೆ ಹೋಗಿಬಿಡುತ್ತದೆ. ಊರ ನಡುವೆ ಸಿಮೆಂಟು, ಡಾಂಬರು ಸ್ವಲ್ಪ ಕಾವು ಹಿಡಿದಿಟ್ಟುಕೊಳ್ಳುತ್ತವೆ. ಹೊಲಗಳ ಅಂಚಿನಲ್ಲಿರುವ ನಮಗೆ ಅದೂ ಇಲ್ಲ.

ಅಮ್ಮ ಹೋಗುವ ಮುಂಚೆ, "ಹಳೇ ಪಂಚೆ ಇದ್ರೆ ಹೊದಿಸು" ಅಂದಿದ್ದಳು. ನಾನು ಕೇಳಲಿಲ್ಲ. ಬಟ್ಟೆಯಲ್ಲಿ ಚಳಿ ನುಗ್ಗುತ್ತೆ, ಪ್ಲಾಸ್ಟಿಕ್ ಆದರೆ ಭದ್ರ ಅಂದುಕೊಂಡೆ. ಪೇಂಟ್ ಮಾಡುವಾಗ ನೆಲಕ್ಕೆ ಹಾಸುವ ತೆಳು ಪ್ಲಾಸ್ಟಿಕ್ ಹಾಳೆ ಗ್ಯಾರೇಜಿನಲ್ಲಿತ್ತು. ಅದನ್ನು ಗಿಡಕ್ಕೆ ಸುತ್ತಿ, ಕಾಂಡದ ಹತ್ತಿರ ಹಗ್ಗದಿಂದ ಬಿಗಿಯಾಗಿ ಕಟ್ಟಿದೆ, ಮೂಟೆ ಕಟ್ಟಿದ ಹಾಗೆ. ಏನೋ ಮಹಾ ಕೆಲಸ ಮಾಡಿದವಳಂತೆ ಒಳಗೆ ಬಂದು ಮಲಗಿದೆ.

ಬೆಳಗ್ಗೆ ಸೂರ್ಯ ಬರುವ ಮುಂಚೆಯೇ ಟಾರ್ಚು ಹಿಡಿದು ಹೋದೆ, ಆ ಓಣಿಯಲ್ಲಿ ಇನ್ನೂ ಅರೆಗತ್ತಲು. ಪ್ಲಾಸ್ಟಿಕ್ಕಿನ ಒಳಮೈಗೆ ಹನಿಗಳು ಕೂತಲ್ಲೇ ಗಟ್ಟಿಯಾಗಿದ್ದವು, ಸಾಬೂದಾನಿ ಅಂಟಿಸಿದ ಹಾಗೆ. ಬಿಚ್ಚಿದರೆ ಎಲೆಗಳು ಉದುರಿರಲಿಲ್ಲ, ಒಣಗಿರಲೂ ಇಲ್ಲ. ಕುದಿನೀರಿಗೆ ಅದ್ದಿ ತೆಗೆದ ಸೊಪ್ಪಿನ ಹಾಗೆ ಜೋತುಬಿದ್ದಿದ್ದವು. ಕಡುಹಸಿರು, ನೀರು ನೀರು. ಮಧ್ಯಾಹ್ನದ ಹೊತ್ತಿಗೆ ಕಪ್ಪಗಾದವು.

ಎದುರು ಮನೆಯ ಅಜ್ಜಿ ಮೂಲತಃ ಮಿನೆಸೋಟದವರು, ಹಿಮ ನೋಡಿ ನೋಡಿ ಸಾಕಾಗಿ ಇಲ್ಲಿಗೆ ಬಂದು ನೆಲೆಸಿದವರು. ನನ್ನ ಪ್ಲಾಸ್ಟಿಕ್ ನೋಡಿ ತಲೆ ಆಡಿಸಿದರು. ಪ್ಲಾಸ್ಟಿಕ್ ಎಲೆಗೆ ತಾಕಿದ ಕಡೆಯೆಲ್ಲ ಚಳಿ ನೇರವಾಗಿ ಎಲೆಗೇ ಹತ್ತುತ್ತದಂತೆ. ಮೇಲಾಗಿ ರಾತ್ರಿ ಗಿಡಕ್ಕೆ ಇರುವ ಒಂದೇ ಒಲೆ ಅಂದರೆ ನೆಲ. ನಾನು ಕಾಂಡಕ್ಕೆ ಕಟ್ಟಿ ಆ ಒಲೆಯನ್ನೇ ಹೊರಗಿಟ್ಟಿದ್ದೆ. ಹೊದಿಕೆ ಹತ್ತಿಯದಾಗಿರಬೇಕು, ನೆಲ ಮುಟ್ಟಬೇಕು, ಹಗಲಲ್ಲೇ ಬುಡಕ್ಕೆ ನೀರು ಹಾಕಿರಬೇಕು, ಒದ್ದೆ ಮಣ್ಣು ಕಾವು ಜಾಸ್ತಿ ಹಿಡಿಯುತ್ತದೆ. ಅಮ್ಮನ ಪಂಚೆಯೇ ಸರಿ ಇತ್ತು ಅನ್ನಿ. ಅಜ್ಜಿ ತಮ್ಮ ನಿಂಬೆ ಮರಕ್ಕೆ ಬಣ್ಣದ ದೀಪದ ಸರ ಸುತ್ತಿದ್ದರು. ಕ್ರಿಸ್‌ಮಸ್ ಸಂಭ್ರಮ ಅಂತ ನಾನು ಫೋಟೋ ಬೇರೆ ತೆಗೆದಿದ್ದೆ. ಅದು ಸಂಭ್ರಮ ಅಲ್ಲ, ಹೀಟರ್! ಹಳೇ ಕಾಲದ ತಂತಿ ಬಲ್ಬುಗಳು, ಕೈ ಇಟ್ಟರೆ ಬೆಚ್ಚಗಿದ್ದವು. ಈಗಿನ ಎಲ್‌ಇಡಿ ಅದಕ್ಕೆ ಬರುವುದಿಲ್ಲ, ಅದರಲ್ಲಿ ಬಿಸಿಯೇ ಇಲ್ಲ.

ಆಮೇಲೆ ಅವರು ಓಣಿಯನ್ನು ಒಮ್ಮೆ ನೋಡಿ, ಇಲ್ಲಿಗೆ ಕೊನೆಯ ಸಲ ಬಿಸಿಲು ಬಂದಿದ್ದು ಯಾವಾಗ ಅಂತ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ಜೂನ್‌ನಲ್ಲಿ ಇಲ್ಲಿ ನಡುಹಗಲ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆ, 80 ಡಿಗ್ರಿ ಎತ್ತರದಲ್ಲಿ. ಡಿಸೆಂಬರ್‌ನಲ್ಲಿ ಬರೀ 33. ದಕ್ಷಿಣದ ಕಡೆ ಗೋಡೆ ಹಿಡಿದುಕೊಂಡು ನಡೆಯುವ ಮುದುಕನ ಹಾಗೆ ಹೋಗಿಬಿಡುತ್ತಾನೆ. ಎರಡು ಗೋಡೆಗಳ ನಡುವಿನ ಆ ಓಣಿಗೆ ನವೆಂಬರ್‌ನಿಂದಲೇ ಸರಿಯಾಗಿ ಬಿಸಿಲು ಇಳಿದಿರಲಿಲ್ಲ. ಹಗಲು ಕಾಯದ ಗೋಡೆ ರಾತ್ರಿ ಏನು ಕೊಟ್ಟೀತು? ತಿಪಟೂರಿನಲ್ಲಿ ಬೆಳೆದವಳು ನಾನು. ಅಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನಡುನೆತ್ತಿಗೆ ಬರುತ್ತಾನೆ. ನೆರಳು ಯಾವ ತಿಂಗಳು ಎಲ್ಲಿ ಬೀಳುತ್ತದೆ ಅಂತ ನೋಡಿ ಗಿಡ ನೆಡುವ ಅಭ್ಯಾಸವೇ ನನಗಿರಲಿಲ್ಲ. ಬೇಸಿಗೆಯಲ್ಲಿ ಗಿಡ ಉಳಿಸಿದ ನೆರಳೇ ಚಳಿಗಾಲದಲ್ಲಿ ಅದನ್ನು ತಿಂದಿತ್ತು.

ಕತ್ತರಿಸಿ ಬಿಸಾಕಲು ಹೊರಟಾಗ ಅಜ್ಜಿ ತಡೆದರು. ಚಳಿ ಪೂರ್ತಿ ಹೋಗುವವರೆಗೆ ಒಣ ಕೊಂಬೆ ಹಾಗೇ ಇರಲಿ, ಅದೇ ಬುಡಕ್ಕೆ ಹೊದಿಕೆ ಅಂದರು. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ ಅನ್ನುತ್ತಾರಲ್ಲ, ನಾನೂ ಅಲ್ಲಿಯವರೆಗೆ ಕಾದೆ. ಮುಂದಿನ ಎಚ್ಚರಿಕೆ ಬಂದಾಗ ಯಜಮಾನರ ಪೂಜೆ ಪಂಚೆ, ಜರಿ ಅಂಚಿನದು, ಆ ಒಣಕಡ್ಡಿಗೆ ನೆಲದವರೆಗೆ ಇಳಿಬಿಟ್ಟೆ. ಅವರು ಏನೂ ಅನ್ನಲಿಲ್ಲ. ಸುಮ್ನೆ ನೋಡಿ ಒಳಗೆ ಹೋದರು.

ಮಾರ್ಚ್ ಕೊನೆಯಲ್ಲಿ ಒಂದು ಸಂಜೆ ಆರು ಗಂಟೆ ದಾಟಿತ್ತು. ನನ್ನ ಕಡೆ ಇನ್ನೂ ಬಿಸಿಲು. ಅಮ್ಮನ ಕಡೆ ಆಗಷ್ಟೇ ಬಿಸಿಲು. ಫೋನನ್ನು ಬಗ್ಗಿಸಿ ಬುಡ ತೋರಿಸಿದೆ. ಬೆರಳುದ್ದದ ಮೂರು ಚಿಗುರು, ತಾಮ್ರದ ಬಣ್ಣ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು.

"ಇನ್ನೊಂದು ವರ್ಷ ಒಗ್ಗರಣೆಗೆ ಅದರ ತಂಟೆಗೆ ಹೋಗ್ಬೇಡ" ಅಂದಳು. "ಆ ಪಂಚೆ ಏನಾಯ್ತು?"