ಮುದಿ ಮರವೇ ಬೇಕು ಎನ್ನುವ ಅಣಬೆ

ಈಗ ಮೊಬೈಲ್ ತೆರೆದರೆ ಸಾಕು, ಲಯನ್ಸ್ ಮೇನ್ ಅಣಬೆಯ ಜಾಹೀರಾತು. ಪುಡಿ, ಮಾತ್ರೆ, ಕಾಫಿ ಕೂಡ! ಬುದ್ಧಿ ಚುರುಕಾಗುತ್ತದಂತೆ. (ಫಿಲ್ಟರ್ ಕಾಫಿ ಕುಡಿದು ಬೆಳೆದವರಿಗೇ ಇದನ್ನು ಮಾರುವ ಧೈರ್ಯ ನೋಡಿ.) ಇದೆಲ್ಲ ಸಾಮಾನ್ಯವಾಗಿ ಮರದ ಹೊಟ್ಟಿನ ಮೇಲೆ ಬೆಳೆಸಿದ ಸರಕು, ಕಾಡಿನದ್ದಲ್ಲ.

ಕಾಡಿನ ಕಥೆಯೇ ಬೇರೆ. ಇಂಗ್ಲೆಂಡಿನಲ್ಲಿ ಇದು ತುಂಬಾ ಅಪರೂಪ. 1981ರ ವನ್ಯಜೀವಿ ಕಾಯ್ದೆಯಡಿ ರಕ್ಷಣೆ ಪಡೆದಿರುವ ಕೆಲವೇ ಅಣಬೆಗಳಲ್ಲಿ ಇದೂ ಒಂದು. ಕಾಡಿನಲ್ಲಿ ಕಂಡರೆ ಕೀಳುವ ಹಾಗಿಲ್ಲ, ಮಾರುವ ಹಾಗೂ ಇಲ್ಲ. ದಕ್ಷಿಣದ ನ್ಯೂ ಫಾರೆಸ್ಟ್ ಎಂಬ ಕಾಡಿನಲ್ಲಿ ಹಳೆಯ ಬೀಚ್ (beech, ಕಡಲತೀರದ ಬೀಚ್ ಅಲ್ಲ, ಒಂದು ಜಾತಿಯ ಮರ) ಮರಗಳ ಕಾಂಡದ ಮೇಲೆ, ಬಿಳಿ ಶಾವಿಗೆ ಜೋತುಬಿದ್ದ ಹಾಗೆ ಬೆಳೆಯುತ್ತದೆ.

ಆದರೆ ಕೀಳುವವರನ್ನು ತಡೆದರೆ ಅರ್ಧ ಕೆಲಸವೂ ಆಗುವುದಿಲ್ಲ. ಇದಕ್ಕೆ ಬೇಕಾದದ್ದು ಮುದಿ ಮರ. ಕೊಂಬೆ ಮುರಿದು, ಗಾಯವಾಗಿ, ಒಳಗಿನ ತಿರುಳು ನಿಧಾನವಾಗಿ ಕೊಳೆಯುತ್ತಿರುವ ಮರ. ಎಲ್ಲ ಕಡೆಯೂ ಅಪಾಯ ಅಂತ ಮೊದಲು ಕಡಿಯುವುದು ಅಂಥದ್ದನ್ನೇ ಅಲ್ವಾ? ಒಂದು ಕಡಿದು ಹತ್ತು ಸಸಿ ನೆಟ್ಟರೆ ಲೆಕ್ಕಕ್ಕೇನೋ ಸರಿ. ಆ ಸಸಿ ಈ ಅಣಬೆಗೆ ಮನೆಯಾಗುವ ಹೊತ್ತಿಗೆ ಎಷ್ಟು ತಲೆಮಾರು ಕಳೆದಿರುತ್ತದೋ.

ಅದಕ್ಕೇ ಅಲ್ಲಿನ ವಿಜ್ಞಾನಿಗಳು ಒಂದು ಪ್ರಯೋಗಕ್ಕೆ ಕೈಹಾಕಿದ್ದಾರೆ. ಬದುಕಿರುವ ಬೀಚ್ ಮರಕ್ಕೆ ತೂತು ಕೊರೆದು, ಅಣಬೆಯ ಎಳೆ ಹಬ್ಬಿಸಿದ ಸಣ್ಣ ಮರದ ತುಂಡನ್ನು ಒಳಗಿಡುತ್ತಾರೆ. ಅಂದರೆ ಬೇಕಂತಲೇ ಮರವನ್ನು ಕೊಳೆಸುವುದು! ನನಗಂತೂ ಇದು ಜಾಸ್ತಿ ಇಷ್ಟವಾಯಿತು. ನಮ್ಮೂರಲ್ಲಿ ಹೇಳಿದರೆ ನಗುತ್ತಾರೆ, ಇರಲಿ.